ಕಡೆಯ ಪಾಲಿನ ರೇಟು

ಇದು ನಾನು ಹೇಳುವ ಹಾಗೆಯೇ ನಡೆಯಿತು ಎಂದು ಪ್ರಮಾಣ ಮಾಡಲಾರೆ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ಪ್ರತಿ ವರ್ಷ ಅರ್ಧಾಯುವಿನ ಪಾಠ ಬಂದಾಗ ಈ ಪ್ರಸಂಗ ಹೇಳುತ್ತೇನೆ, ವಿದ್ಯಾರ್ಥಿಗಳು ನಗುತ್ತಾರೆ. ನಗು ಬಂದ ಜಾಗದಲ್ಲಿ ಮುಂದಿನ ವರ್ಷ ಒಂದು ಮಾತು ಹೆಚ್ಚಾಗಿರುತ್ತದೆ. ಹೇಳುತ್ತ ಹೇಳುತ್ತ ಅದು ನುಣುಪಾಗಿದೆ, ನುಣುಪಾದ ನೆನಪುಗಳನ್ನು ನಾನು ನಂಬುವುದಿಲ್ಲ. ಕೌಂಟರಿನ ಮುಂದೆ ಒಬ್ಬ ಮನುಷ್ಯ ನಿಜಕ್ಕೂ ಆ ಮಾತು ಆಡಿದರೋ, ಅಥವಾ ಪಾಠಕ್ಕೆ ಹೊಂದಲಿ ಎಂದು ನಾನೇ ಅವರ ಬಾಯಿಗೆ ಹಾಕಿದೆನೋ…

ಕಳೆದ ತಿಂಗಳು ವಾಸ್ಕೋದಲ್ಲಿ ಮೀನು ದೋಣಿಗಳು ತಂಗುವ ಧಕ್ಕೆಯ ಬಳಿ ಬಸ್ಸಿಗೆ ನಿಂತಿದ್ದಾಗ ಐಸ್ ತುಂಬಿದ ಟೆಂಪೋ ಒಂದು ಪಕ್ಕದಲ್ಲೇ ಬಂದು ನಿಂತಿತು. ಒದ್ದೆ ಗೋಣಿತಟ್ಟಿನ ವಾಸನೆ, ಅದರ ಹಿಂದೆ ಹಳೆಯ ಮೀನಿನದು. ಹಿಂಬಾಗಿಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಚಾಚಾ ಇರಲು ಸಾಧ್ಯವಿಲ್ಲ ಎಂದು ಗೊತ್ತಿದ್ದೂ ಡ್ರೈವರ್ ಸೀಟಿನತ್ತ ನೋಡಿದೆ. ಯಾರೋ ಬೇರೆಯವರಿದ್ದರು.

ಕೊರ್ತಾಲಿಮ್‌ನಲ್ಲಿ ನಾನು ಬಾಡಿಗೆಗಿದ್ದ ಸಾಲುಮನೆಗಳ ಚಾಳಿನಲ್ಲಿ ಪಕ್ಕದ ಮನೆ ಚಾಚಾನದು. ವಿಜಯಪುರದ ಕಡೆಯವರು, ಸ್ವಂತ ಟೆಂಪೋದಲ್ಲಿ ಧಕ್ಕೆಗೆ ಐಸ್ ಸಾಗಿಸಿ ಮಾರುತ್ತಿದ್ದರು. ಚಾಳಿನವರಿಗೆಲ್ಲ ಚಾಚಾ. ಕಂಡ ಕಂಡ ವಸ್ತುವಿನ ಬೆಲೆ ಕೇಳುವುದು ಅವರ ಅಭ್ಯಾಸ. ನನ್ನ ಕನ್ನಡಕ, ಎದುರು ಮನೆಯವರ ಮಿಕ್ಸರ್, ಯಾರದೋ ಮಗುವಿನ ಬೂಟು… "ಎಷ್ಟಕ್ಕ ಬಿತ್ತು?" ಎಂದು ಕೇಳಿ, ಉತ್ತರ ಬಂದ ಮೇಲೆ "ಟೋಪಿ ಹಾಕ್ಯಾರ ನಿಮಗ" ಎಂದು ಮರುಕಪಡುತ್ತಿದ್ದರು. ಐಸಿನ ವ್ಯಾಪಾರವೇ ಹಾಗೆ. ದೋಣಿಗಳು ಹೊರಡುವ ಮುಂಚೆ ಒಂದು ರೇಟು, ಹೊರಟ ಮೇಲೆ ಇನ್ನೊಂದು. "ಕರಗಾಕತ್ತಿದ ಮಾಲ್ ಇಟ್ಕೊಂಡು ರೇಟ್ ಬಿಗಿ ಮಾಡಬಾರದ್ರಿ ಮಾಸ್ತರ" ಎನ್ನುತ್ತಿದ್ದರು.

ಅವರ ಹೆಂಡತಿ ಚಾಚಿಗೆ ಎದೆಯಲ್ಲಿ ಗಂಟು ಕಾಣಿಸಿ, ಅದು ಕ್ಯಾನ್ಸರ್ ಎಂದು ಗೊತ್ತಾದಾಗ ಚಾಚಿ ಹಾಕಿದ ಷರತ್ತು ಒಂದೇ: ಯಾರಿಗೂ ತಿಳಿಯಬಾರದು. ಊರಲ್ಲಿ ತಮ್ಮ ಇಬ್ಬರು ಹೆಣ್ಣುಮಕ್ಕಳಿಗೆ ಗಂಡು ನೋಡುತ್ತಿದ್ದರು. ಚಾಳಿನಲ್ಲಿ ಕಿಡ್ನಿ ಸ್ಟೋನ್ ಎಂದು ಹೇಳಲಾಯಿತು. ನನಗೆ ಮಾತ್ರ ಹೇಳಿದ್ದು ಇಂಗ್ಲಿಷಿನ ಕೆಲಸ ಇತ್ತು ಎಂದು.

ಡಾಕ್ಟರು ಆಪರೇಷನ್ ಎಂದಿದ್ದರು. ಅದಕ್ಕೂ ಮೊದಲು ಇಡೀ ಮೈಯ ಸ್ಕ್ಯಾನ್. ರೋಗ ಬೇರೆ ಕಡೆ ಹರಡಿದ್ದರೆ ಆಪರೇಷನ್ನಿಗೆ ಅರ್ಥವಿಲ್ಲ. ಚಾಚಾ ಟೆಂಪೋ ಮಾರಲು ತಯಾರಾಗಿದ್ದರು. ಮೀನಿನ ವ್ಯಾಪಾರಿಯೊಬ್ಬ ಗಾಡಿ ನೋಡಿಕೊಂಡು ಹೋಗಿದ್ದ, ಭಾನುವಾರ ಮುಂಗಡ ತರುವುದಿತ್ತು.

"ನೀವು ಇಂಗ್ಲೀಷಿನ್ಯಾಗ ಕೇಳ್ರಿ ಮಾಸ್ತರ. ಪೂರಾ ಎಷ್ಟಾಗತೈತಿ ಅಂತ. ಗಾಡಿ ಮಾರಿದ ಮ್ಯಾಲ ಕೇಳಿ ಏನ್ ಉಪಯೋಗ?"

ಫೋನ್ ಮಾಡಿದೆ. ಸ್ಕ್ಯಾನಿಗೆ ಒಬ್ಬರು ಇಪ್ಪತ್ತು ಸಾವಿರದ ಮೇಲೆ ಎಂದರು. ಇನ್ನೊಬ್ಬರು ಕಳಿಸಿದ ಡಾಕ್ಟರು ಯಾರು ಎಂದು ಕೇಳಿದರು. ಮತ್ತೊಬ್ಬರು ಫೈಲು ತನ್ನಿ, ನೋಡೋಣ ಎಂದರು. ಆಪರೇಷನ್ನಿನ ಖರ್ಚು ಕೋಣೆಯ ಮೇಲೆ ಹೋಗುತ್ತದಂತೆ. ಅದೇ ಡಾಕ್ಟರು, ಅದೇ ಕತ್ತರಿ. ರೋಗಿ ಮಲಗುವ ಕೋಣೆ ಬದಲಾದರೆ ಡಾಕ್ಟರ ಫೀಸೂ ಬದಲು. ಇದನ್ನು ಹೇಳಿದಾಗ ಚಾಚಾ, "ಆಪರೇಶನ್ ಮಂಚಕ್ಕ ಮಾಡತಾರೇನು?" ಎಂದರು.

ಜುವಾರಿ ನದಿಯ ಹೊಸ ಸೇತುವೆಯನ್ನು ಇನ್ನೂ ಕಟ್ಟುತ್ತಿದ್ದ ಕಾಲ. ಸ್ಕ್ಯಾನ್ ಕೇಂದ್ರ ಪಣಜಿಯ ಕಡೆ. ಸ್ಕ್ಯಾನಿಗೆ ಮುಂಚೆ ಚುಚ್ಚುವ ಮದ್ದು ಹೊರ ಊರಿನಿಂದ ವಿಮಾನದಲ್ಲಿ ದಾಬೋಲಿಮ್‌ಗೆ ಬಂದು, ಅಲ್ಲಿಂದ ಗಾಡಿಯಲ್ಲಿ ಬರಬೇಕು. ನಾವು ಮೂವರೂ ಹೋದ ದಿನ ಆ ಗಾಡಿ ಸೇತುವೆಯ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ಕೌಂಟರಿನ ಹುಡುಗಿ ಹೇಳಿದಳು. ಬೆಳಗಿನಿಂದ ಉಪವಾಸ ಕುಳಿತ ರೋಗಿಗಳೆಲ್ಲ ತಮ್ಮ ತಮ್ಮ ಫೈಲುಗಳನ್ನು ಅವಚಿಕೊಂಡು ಗೋಡೆ ನೋಡುತ್ತಿದ್ದರು. ಯಾರೂ ಯಾರನ್ನೂ ಮಾತಾಡಿಸುತ್ತಿರಲಿಲ್ಲ.

ನಾನು ಚಾಚಾಗೆ ಪಾಠ ಮಾಡಿದೆ. ಆ ಮದ್ದು ವಿಕಿರಣ ಸೂಸುವಂಥದು, ಅದರ ಶಕ್ತಿ ಎರಡು ಗಂಟೆಯೊಳಗೆ ಅರ್ಧಕ್ಕೆ ಇಳಿಯುತ್ತದೆ, ತಡೆಯಲು ಯಾವ ಉಪಾಯವೂ ಇಲ್ಲ, ಅದಕ್ಕೇ ಇಷ್ಟು ದುಬಾರಿ, ಇಲ್ಲಿ ಚೌಕಾಸಿ ನಡೆಯುವುದಿಲ್ಲ.

ಅವರ ಕಣ್ಣು ಅಗಲವಾಯಿತು. "ಅಂದ್ರ ಬರ್ಫ ಅನ್ರಿ."

"ಒಂದು ಥರ ಐಸಿನ ಹಾಗೇ."

"ಎಲ್ಲಾರ್ದೂ ಒಂದ ಗಾಡ್ಯಾಗ ಬರತೈತಿ?"

"ಹೌದು. ಬಂದ ಮೇಲೆ ಒಬ್ಬೊಬ್ಬರಿಗೇ ಕೊಡುತ್ತಾರೆ."

"ಕಡೀ ಪಾಲು ಯಾರದು?"

ಚಾಚಿಯ ಹೆಸರು ಕೊನೆಯಲ್ಲಿತ್ತು.

ಚಾಚಾ ಎದ್ದು ಕೌಂಟರಿಗೆ ಹೋದರು. ಆಡಿದ್ದು ಧಕ್ಕೆಯ ಹಿಂದಿಯಲ್ಲಿ. ನನ್ನ ನೆನಪು ಸರಿಯಿದ್ದರೆ ಹೇಳಿದ್ದು, ಕನ್ನಡದಲ್ಲಿ, ಇಷ್ಟು: "ತಂಗಿ, ನಮ್ದು ಕಡೀ ಪಾಲು. ಅಷ್ಟೊತ್ತಿಗೆ ಮಾಲ್ ಅರ್ಧಾ ಕರಗಿರತೈತಿ. ನಮಗ ಅರ್ಧಾ ರೇಟ್ ಹಿಡೀರಿ."

ತಮಾಷೆಗೆ ಕೇಳಿದ್ದಲ್ಲ. ದಿನವೂ ಆ ಲೆಕ್ಕದಲ್ಲೇ ಐಸ್ ಮಾರುವವರು, ನ್ಯಾಯವಾದದ್ದನ್ನೇ ಕೇಳುತ್ತಿದ್ದೇನೆ ಎಂಬ ಧೈರ್ಯ ಅವರ ದನಿಯಲ್ಲಿತ್ತು. ಹುಡುಗಿ ಒಂದು ಕ್ಷಣ ಪಿಳಿಪಿಳಿ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕುಬಿಟ್ಟಳು. ಕಿಟಕಿಯ ಬಳಿಯಿದ್ದ ಮುದುಕರು ನಕ್ಕರು. ಅವರ ಪಕ್ಕದವರು ನಕ್ಕರು. ಚಾಚಿ ಸೆರಗನ್ನು ಬಾಯಿಗೆ ಒತ್ತಿಕೊಂಡು, "ಯಾ ಅಲ್ಲಾ, ದವಾಖಾನಿಗೂ ಧಕ್ಕಿಗೂ ಫರಕ ಗೊತ್ತಿಲ್ಲ ಈ ಮನಷ್ಯಾಗ" ಎಂದು ಗದರಿ, ಕೊನೆಗೆ ತಾವೂ ನಕ್ಕರು. ಟೆಕ್ನಿಶಿಯನ್ ಹೊರಗೆ ಬಂದು, ಕಡೆಯವರಿಗೆ ಶಕ್ತಿ ಸರಿದೂಗಿಸಲು ಸಿರಿಂಜಿಗೆ ಮದ್ದನ್ನೇ ಹೆಚ್ಚು ಎಳೆಯುತ್ತೇವೆ ಎಂದು ವಿವರಿಸಿದ, ಅದಕ್ಕೆ ಚಾಚಾ "ಹಂಗಾರ ನಮಗ ಲಾಭಾನ ಆತು!" ಎಂದರು… ಇಲ್ಲ, ಈ ಭಾಗ ನಾನು ತರಗತಿಯಲ್ಲಿ ಸೇರಿಸಿದ್ದೂ ಇರಬಹುದು.

ನಕ್ಕ ಮೇಲೆ ಆ ಕೋಣೆಯ ಬಾಯಿ ಬಿಟ್ಟಿತು. ಚಾಚಿಯ ಪಕ್ಕ ಕುಳಿತಿದ್ದ ಹೆಂಗಸು ಧಾರವಾಡದ ಕಡೆಯವರು, ಕೊರ್ಲಿಮ್‌ನ ಫ್ಯಾಕ್ಟರಿಯೊಂದರಲ್ಲಿ ಪ್ಯಾಕಿಂಗ್ ಕೆಲಸ. ಅವರು ಬಗ್ಗಿ ಕೇಳಿದರು: "ಅಕ್ಕಾರ, ನಿಮಗ ಎಷ್ಟ ಹೇಳ್ಯಾರ್ರಿ?"

ಚಾಚಿ ಇಪ್ಪತ್ತು ಸಾವಿರದ ಮೇಲಿನ ಆ ಲೆಕ್ಕ ಹೇಳಿದರು.

"ಅಯ್ಯ, ನನಗ ಅಷ್ಟಿಲ್ಲಲ್ರಿ!" ಅವರದು ಹನ್ನೆರಡು ಸಾವಿರದ ಆಸುಪಾಸು ಎಂದು ನೆನಪು. ಮುದುಕರದು ಮೂರನೆಯದೇ ಒಂದು ಲೆಕ್ಕ. ಅದೇ ಯಂತ್ರ, ಅದೇ ಗಾಡಿಯಲ್ಲಿ ಬರುವ ಅದೇ ಮದ್ದು. ರಿಯಾಯಿತಿಗೆ ಒಂದು ಅರ್ಜಿ ಇರುತ್ತದೆ, ಡಾಕ್ಟರ ಸಹಿ ಬೇಕು ಎಂದು ಆ ಹೆಂಗಸು ಹೇಳಿದರು. "ಕೇಳಿದವ್ರಿಗೆ ಅಷ್ಟ ಕೊಡತಾರ್ರಿ. ತಾವಾಗಿ ಯಾರೂ ಹೇಳಂಗಿಲ್ಲ." ಕ್ಯಾನ್ಸರಿಗೆ ಡ್ರಿಪ್ಪಿನಲ್ಲಿ ಕೊಡುವ ಔಷಧಿಯ ಡಬ್ಬಿಯ ಮೇಲೆ ಅಚ್ಚಾದ ಬೆಲೆಯೇ ಕೊನೆಯ ಬೆಲೆಯಲ್ಲ, ಅದೇ ಔಷಧಿ ಬೇರೆ ಕಂಪನಿಯದು ಕಡಿಮೆಗೆ ಸಿಗುತ್ತದೆ ಎಂದು ಇನ್ಯಾರೋ ಸೇರಿಸಿದರು.

ಕಾಯುವವರ ಮಾತು ಪುರಾವೆಯಲ್ಲ ಎಂದುಕೊಂಡು ನಾನು ಹುಡುಗಿಯನ್ನೇ ಕೇಳಿದೆ. ಇನ್ನೂ ಕಣ್ಣೊರೆಸಿಕೊಳ್ಳುತ್ತಿದ್ದ ಆಕೆ ಅರ್ಜಿ ತೆಗೆದು ಕೊಟ್ಟಳು, ಡಾಕ್ಟರ ಆಫೀಸಿಗೂ ತಾನೇ ಫೋನ್ ಮಾಡಿದಳು, ರಿಯಾಯಿತಿ ಸಿಕ್ಕಿತು. ಡ್ರಿಪ್ಪಿನ ಮಾತೂ ಬಹಳಷ್ಟು ಖರೆಯಾಯಿತು. ತಿಂಗಳ ಕೊನೆಗೆ ಹೋದರೆ ಎಲ್ಲವೂ ಅಗ್ಗ ಎಂದು ಮುದುಕರು ಹೇಳಿದ್ದು ಮಾತ್ರ ಶುದ್ಧ ಸುಳ್ಳು.

ಚಾಚಿಯ ರೋಗ ಹರಡಿರಲಿಲ್ಲ. ಆಪರೇಷನ್ ಜನರಲ್ ವಾರ್ಡಿನ ಮಂಚದ ರೇಟಿನಲ್ಲಿ ನಡೆಯಿತು. ಅಷ್ಟಕ್ಕೆ ಇದ್ದ ಉಳಿತಾಯ, ಸ್ವಲ್ಪ ಕೈಸಾಲ ಸಾಕಾಯಿತು. ಮೀನಿನ ವ್ಯಾಪಾರಿ ಭಾನುವಾರ ಬಂದು ಚಹಾ ಕುಡಿದು, ಮುಂಗಡವನ್ನು ಜೇಬಿನಲ್ಲೇ ಇಟ್ಟುಕೊಂಡು ವಾಪಸು ಹೋದ.

ಆಮೇಲೆ ಯಾರದೇ ಮನೆಯಲ್ಲಿ ಇಂಥ ಕಾಯಿಲೆ ಎಂದು ಕಿವಿಗೆ ಬಿದ್ದರೆ ಚಾಚಾ ತಡೆದುಕೊಳ್ಳುತ್ತಿರಲಿಲ್ಲ. ಸ್ಕ್ಯಾನಿಗೆ ಇಷ್ಟು, ಡ್ರಿಪ್ಪಿಗೆ ಇಷ್ಟು, ಈ ಅರ್ಜಿ ಕೇಳಿ, ಆ ಡಬ್ಬಿ ಬೇಡ ಅನ್ನಿ. ಇದೆಲ್ಲ ನಿಮಗೆ ಹೇಗೆ ಗೊತ್ತು ಎಂದು ಜನ ಕೇಳಿಯೇ ಕೇಳುತ್ತಾರಲ್ಲ. ಗುಟ್ಟು ರಟ್ಟಾಗುವ ಆ ಭಯಕ್ಕೆ ಒಮ್ಮೆ ನನ್ನೆದುರೇ ಗಂಡ ಹೆಂಡತಿಗೆ ಜೋರು ಜಗಳವಾಯಿತು. ಕಡೆಗೆ ಚಾಚಿಯೇ ತೀರ್ಪು ಕೊಟ್ಟರು. "ರೇಟ್ ಹೇಳ್ರಿ. ಹೆಸರ ಹೇಳಬ್ಯಾಡ್ರಿ." ಚಾಚಾ ಅದನ್ನು ಪಾಲಿಸಿದರು. ತಾವು ಯಾರ ಕತೆ ಹೇಳುತ್ತಿದ್ದೇವೆ ಎಂಬುದನ್ನು ಎಂದೂ ಬಾಯಿಬಿಡಲಿಲ್ಲ.

ಹೋದವರು ಚಾಚಿಯಲ್ಲ. ಎರಡು ವರ್ಷದ ಹಿಂದೆ, ಒಂದು ಬೆಳಗ್ಗೆ, ಧಕ್ಕೆಯಲ್ಲಿ ಐಸ್ ಇಳಿಸುತ್ತ ಸುಸ್ತು ಎಂದು ಕುಳಿತ ಚಾಚಾ ಮತ್ತೆ ಏಳಲಿಲ್ಲ. ಹೃದಯ. ಯಾರನ್ನೂ ಏನನ್ನೂ ಕೇಳುವ ಸಮಯ ಅವರಿಗೆ ಸಿಗಲಿಲ್ಲ.

ಟೆಂಪೋದ ವಾಸನೆ ಹಿಡಿದ ಆ ಸಂಜೆಯೇ ಚಾಚಿಯ ಮನೆಗೆ ಹೋದೆ. ಆರೋಗ್ಯವಾಗಿದ್ದಾರೆ. ಆ ದಿನದ ಮಾತು ತೆಗೆದರೆ, "ನಾ ಉಪಾಸ ಇದ್ದೆ ಮಾಸ್ತರ, ಕಣ್ಣಿಗೆ ಕತ್ತಲಿ ಬರಾಕತ್ತಿತ್ತು. ಅವ್ರು ಅಂದಿರಬೇಕು. ಅವ್ರು ಅನ್ನೋಹಂಥಾ ಮಾತ ಐತಿ" ಎಂದರು. ನನಗೆ ಅಷ್ಟು ಸಾಲಲಿಲ್ಲ. ಕೊರ್ಲಿಮ್‌ನ ಹೆಂಗಸಿನ ನಂಬರ್ ಚಾಚಾನ ಹಳೆಯ ಫೋನಿನಲ್ಲಿತ್ತು. "ಮೊದಲ ಮಾತಾಡ್ತಿದ್ವಿ. ಅವ್ರು ಹೋದ ಮ್ಯಾಲ ನಾ ಯಾರಿಗೂ ಫೋನ್ ಮಾಡಿಲ್ಲ" ಎಂದು ಚಾಚಿ ಫೋನನ್ನು ನನ್ನ ಕೈಗೆ ಕೊಟ್ಟರು.

ಸಾಕ್ಷಿಗೆ ಸುಳಿವು ಕೊಡಬಾರದು. ಆ ದಿನ ಸ್ಕ್ಯಾನಿಗೆ ಕಾಯುತ್ತಿದ್ದಾಗ ಏನಾದರೂ ನಡೆದದ್ದು ನೆನಪಿದೆಯೇ ಎಂದಷ್ಟೇ ಕೇಳಿದೆ. ಫೋನಿನಾಚೆ ನಗು.

"ಬರ್ಫದ ಗಾಡಿಯವ್ರು! ಕಡೀ ಪಾಲು ಕರಗಿರತೈತಿ, ಅರ್ಧಾ ರೇಟ್ ಹಿಡೀರಿ ಅಂದವ್ರು! ಹ್ಯಾಂಗ ಮರೀಲ್ರಿ ಅವ್ರನ್ನ? ಚಲೋ ಅದಾರಲ್ರಿ?"

ಹೇಳಿದೆ. ಚಾಚಿ ಕೈ ನೀಡಿ ಫೋನು ತೆಗೆದುಕೊಂಡರು…

ಟೆಕ್ನಿಶಿಯನ್ ಹೊರಗೆ ಬಂದನೋ ಇಲ್ಲವೋ ಆ ಹೆಂಗಸಿಗೂ ಗೊತ್ತಿಲ್ಲವಂತೆ. ತಾನು ಕೊಟ್ಟ ಹಣ ಹನ್ನೆರಡೋ ಹದಿಮೂರೋ, ಅದೂ ನೆನಪಿಲ್ಲವಂತೆ. ಆದರೆ ಕಡೆಯ ಪಾಲಿಗೆ ಚಾಚಾ ಅರ್ಧ ರೇಟು ಕೇಳಿದ್ದು ಖರೆ.