ಸಾಕಾಗೇತಿ

ರೇಣುಕಾ, ನೀನು ಹೇಳಿದ್ದೆ. ಹೇಳಲಿಲ್ಲ ಎಂದು ಸುಳ್ಳು ಹೇಳಿದವಳು ನಾನು.

ಜೋಗೇಶ್ವರಿಯ ನಮ್ಮ ಕನ್ನಡ ಶಾಲೆಯಲ್ಲಿ ನೀನಾಗ ಒಂಬತ್ತನೇ ಕ್ಲಾಸು. ನಾನು ಮೈಸೂರು ಕಡೆಯವಳು. ಮರಾಠಿ, ಹಿಂದಿ ಆಡುವ ಈ ಊರಲ್ಲಿ ಕನ್ನಡ ಉಳಿಸುವ ಗುತ್ತಿಗೆ ನನ್ನದೇ ಎಂಬ ಜಂಬ ಬೇರೆ. ಒಂದು ದಿನ ಎಲ್ಲರೂ ಹೋದ ಮೇಲೆ ನೀನು ನನ್ನ ಮೇಜಿನ ಹತ್ತಿರ ಬಂದು ನಿಂತೆ — "ಟೀಚರ್, ನನಗ ಎಲ್ಲಾ ಸಾಕಾಗೇತ್ರಿ."

ನಾನು ತಲೆಯೆತ್ತಲಿಲ್ಲ. "ಸಾಕಾಗೇತಿ ಅಲ್ಲ, ಸಾಕಾಗಿದೆ. ಎಲ್ಲಿ, ಇನ್ನೊಂದ್ಸಲ ಹೇಳು."

"ಸಾಕಾಗಿದೆ, ಟೀಚರ್."

ಶಭಾಷ್ ಅಂದೆ. ಅಂದುಬಿಟ್ಟೆ.

ಆ ವಾರವೇ ನೀನು ಆಸ್ಪತ್ರೆ ಸೇರಿದೆ. ಜೀವ ಉಳಿಯಿತು — ನನ್ನ ಪುಣ್ಯವಲ್ಲ ಅದು. ನಿನ್ನ ಅವ್ವ ಕಟ್ಟಡದ ಕೆಲಸದಿಂದ ಹಾಗೇ ಓಡಿಬಂದಿದ್ದಳು, ಕೈಗೆಲ್ಲ ಸಿಮೆಂಟು. "ನಿಮ್ಮ ಮುಂದರ ಏನರ ಅಂದಿದ್ಲೇನ್ರಿ?" ಎಂದು ಕೇಳಿದಳು. ಇಲ್ಲಮ್ಮ ಅಂದೆ. ಅವಳು ಹಣೆ ಬಡಿದುಕೊಂಡಳು: "ಒಂದು ಮಾತು ಬಾಯಿ ಬಿಡಲಿಲ್ಲಲ್ರಿ, ಕಲ್ಲುಮನಸಿನಾಕಿ!" ನೀನು ಕಣ್ಣು ಮುಚ್ಚಿ ಮಲಗಿದ್ದೆ. ನಿದ್ದೆಯಿರಲಿಲ್ಲ, ರೆಪ್ಪೆ ಅಲುಗಿತ್ತು. ಆದರೂ ನೀನು ನನ್ನನ್ನು ಬಿಟ್ಟುಕೊಡಲಿಲ್ಲ.

ಆಮೇಲೆ ಶಾಲೆಯಲ್ಲಿ ಆತ್ಮಹತ್ಯೆ ತಡೆಯುವ ಪಾಠ ಶುರುವಾಯಿತು. ಹೆಡ್‌ಮೇಡಂ ನನ್ನನ್ನೇ ಆರಿಸಿದರು, ಹುಡುಗಿಯರಿಗೆ ನಾನು ಹತ್ತಿರವಂತೆ! ಬೇಡ ಅನ್ನಲು ಕಾರಣ ಹೇಳಬೇಕು; ಕಾರಣ ಹೇಳಿದರೆ — ಒಪ್ಪಿಕೊಂಡೆ. ಅಂದಿನಿಂದ ಪ್ರತಿ ವರ್ಷ ನಿಂತು ಹೇಳುತ್ತೇನೆ: ಮನಸ್ಸಿನಲ್ಲಿಟ್ಟುಕೊಳ್ಳಬೇಡಿ, ದೊಡ್ಡವರಿಗೆ ಹೇಳಿ. ಗೆಳತಿ ಸಾಕಾಯಿತು ಅಂದರೆ ನಗಬೇಡಿ, ಸಾಯಬೇಕು ಅನಿಸುತ್ತಿದೆಯಾ ಎಂದು ನೇರವಾಗಿ ಕೇಳಿ, ಒಬ್ಬಳನ್ನೇ ಬಿಡಬೇಡಿ. ಪಾಠ ನಿಜವೇ. ಹೇಳುವ ಬಾಯಿ ಮಾತ್ರ ಸುಳ್ಳು.

ಮೊನ್ನೆ ಒಬ್ಬ ಹುಡುಗಿ ಎದ್ದು ನಿಂತಳು. "ಟೀಚರ್‌ಗೆ ಹೇಳಿದ್ಮೇಲೂ ಅವ್ರು ಸೀರಿಯಸ್ ತಗೊಳ್ಳಿಲ್ಲಾಂದ್ರೆ? ಫಿರ್ ಕ್ಯಾ?"

ಇನ್ನೊಬ್ಬರಿಗೆ ಹೇಳು, ಯಾರಾದರೂ ಕೇಳುವವರೆಗೂ ಹೇಳುತ್ತಲೇ ಇರು ಅಂದೆ. ಉತ್ತರ ಸರಿಯಾಗಿತ್ತು. ನನಗೆ ಮಾತ್ರ ಆ ಕ್ಲಾಸಿನಿಂದ ಹೊರಗೆ ಬರಲು ಇವತ್ತಿನವರೆಗೂ ಆಗಿಲ್ಲ.

ನೀನೀಗ ವಿಕ್ರೋಳಿಯಲ್ಲಿ ಕೆಲಸಕ್ಕೆ ಹೋಗುತ್ತೀ. ಮನೆಯಲ್ಲಿ ಇನ್ನೂ ನಿನ್ನನ್ನು ಕಲ್ಲುಮನಸಿನಾಕಿ ಅನ್ನುತ್ತಾರಂತೆ. ಆ ಹೆಸರು ನಾನು ಕೊಡಿಸಿದ್ದು. ನೀನು ಒಪ್ಪಿದರೆ ಭಾನುವಾರ ನಿಮ್ಮ ಚಾಳಿನ ಮನೆಗೆ ಬರುತ್ತೇನೆ. ಕ್ಷಮಿಸು ಎಂದು ಕೇಳುವುದಕ್ಕಲ್ಲ. ನಿನ್ನ ಅವ್ವನ ಎದುರು ಕೂತು ಹೇಳಬೇಕು — ಇವಳು ಬಾಯಿ ಬಿಟ್ಟಿದ್ದಳು, ನನ್ನ ಮುಂದೆಯೇ. ಸಾಕಾಗೇತಿ ಅಂದಿದ್ದಳು.

ಸರಿಯಾಗಿಯೇ ಹೇಳಿದ್ದಳು.