ವೋಲ್ಟೇಜಿನ ಮೇಲೆ ಹೊರಿಸಿದ ತಪ್ಪು

ತಪ್ಪು ಎಲ್ಲಿದೆಯೆಂದು ಮೊದಲು ಹಿಡಿದವನು ನಾನೇ ಎಂದು ಬಹಳ ದಿನ ನಂಬಿದ್ದೆ. ಈಗ ಅಷ್ಟು ಖಾತ್ರಿಯಿಲ್ಲ. ನ್ಯಾಮತಿಯ ಗೆಳೆಯನನ್ನು ಕೇಳಿದರೆ ತನ್ನ ಅಕ್ಕ ಎನ್ನುತ್ತಾನೆ. ಅಕ್ಕನನ್ನು ಕೇಳಿದರೆ, “ಯಾರಿಗೆ ನೆನಪೈತೆ, ಹೋಗ್ರೀ” ಎಂದು ನಗುತ್ತಾರೆ.

ಅವರದು ಟೈಲರ್ ಮನೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಗೆಳೆಯನ ಕಂಪ್ಯೂಟರ್. ಆನ್‌ಲೈನ್ ಶೂಟಿಂಗ್ ಆಟದ ತಂಡವೊಂದರಲ್ಲಿ ಅವನಿದ್ದ, ನಾಯಕ ಜಗಳೂರಿನವನು. ಹಳೆಯ ಪ್ರೊಸೆಸರನ್ನೇ ಉಳಿಸಿಕೊಂಡು ಗೆಳೆಯ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದ. ಚಿತ್ರವೇನೋ ಚೆನ್ನಾಗಿ ಬಂತು. ಕಾಳಗ ಶುರುವಾದೊಡನೆ ಮಾತ್ರ ಆಟ ತಡವರಿಸಿ ನಿಲ್ಲುತ್ತಿತ್ತು.

“ಏನಲೇ, ಮತ್ತೆ ಲೈಟ್ ಕಂಬ ಆದ್ಯಾ? ಮುಂದಿನ ಮ್ಯಾಚಿಗೂ ಹಿಂಗೇ ಆದ್ರೆ ಬೇರೆಯವನ್ನ ಹಾಕ್ಕೋತೀನಿ ನೋಡು,” ಎಂದು ನಾಯಕ ಹೆಡ್‌ಫೋನಿನಲ್ಲಿ ಗದರಿದ.

ನಮ್ಮ ಕಡೆ ಯಾವ ಯಂತ್ರ ತಡವರಿಸಿದರೂ ಮೊದಲು ಬೈಸಿಕೊಳ್ಳುವುದು ವೋಲ್ಟೇಜು. ಹೊಲಗಳ ಪಂಪ್‌ಸೆಟ್ ಶುರುವಾದರೆ ಮನೆಯ ಫ್ಯಾನು ನಿಧಾನವಾಗುವುದನ್ನು ಕಂಡೇ ಬೆಳೆದವರು ನಾವು. ಗೆಳೆಯ ಹಿಟ್ಟಿನ ಗಿರಣಿಯಿಂದ ಸ್ಟೆಬಿಲೈಸರ್ ಹೊತ್ತು ತಂದ. ಪಂಪುಗಳು ನಿಂತ ಮೇಲೆಯೇ ಆಡತೊಡಗಿದ. ಎಂಎಸ್ಸಿ ಓದಿದ ನಾನೂ ಪಕ್ಕದಲ್ಲಿ ಕುಳಿತು ಫ್ಯಾನಿನ ವೇಗ ನೋಡುತ್ತಿದ್ದೆ! ತಡವರಿಕೆ ಹೋಗಲಿಲ್ಲ.

ಒಂದು ಮಧ್ಯಾಹ್ನ ಅಂಗಡಿಯಲ್ಲಿ ಅಕ್ಕ ಒಬ್ಬರೇ ಬಟ್ಟೆ ಕತ್ತರಿಸುತ್ತಿದ್ದರು. ಹೊಸ ಹೊಲಿಗೆ ಮಿಷನ್ನುಗಳ ಮುಂದೆ ಹೊಲಿಯುವವರು ಕೈಕಟ್ಟಿ ಕಾಯುತ್ತಿದ್ದರು. “ಹೊಸಾ ಮಿಷನ್ ತಂದು ಏನು ಬಂತು, ಕತ್ತರಿಸಿ ಕೊಡಾಕೆ ಒಂದೇ ಕೈ ಐತಲ್ಲ” ಎಂಬ ಮಾತು ಇನ್ನೂ ಕಿವಿಯಲ್ಲಿದೆ. ಅಕ್ಕ ಹೊಲಿಗೆಯ ಬಗ್ಗೆ ಹೇಳಿದ್ದೋ, ನಾನು ಕಂಪ್ಯೂಟರಿನ ಬಗ್ಗೆ ಆಮೇಲೆ ಕಟ್ಟಿಕೊಂಡದ್ದೋ ತಿಳಿಯದು. ಅಂತೂ ಅನುಮಾನ, ಕಾರ್ಡಿಗೆ ಕೆಲಸ ಸಿದ್ಧಮಾಡಿ ಕೊಡುವ ಹಳೆಯ ಪ್ರೊಸೆಸರಿನ ಕಡೆ ತಿರುಗಿತು. ಅದನ್ನು ಬದಲಿಸಬೇಕೆಂದರೆ ಮದರ್‌ಬೋರ್ಡೂ ಬದಲಾಗಬೇಕು. ಮ್ಯಾಚು ಹತ್ತಿರ ಬಂದಿತ್ತು. ತೆರೆಯ ಮೇಲೆ ಸೆಕೆಂಡಿಗೆ ಇಷ್ಟೇ ಫ್ರೇಮ್, ಅಂದರೆ ಚಿತ್ರ, ಸಾಕೆಂದು ಮಿತಿ ಹಾಕಿದೆವು. ದೂರದ ವಿವರಗಳನ್ನೂ ಕಡಿಮೆ ಮಾಡಿ ಪ್ರೊಸೆಸರಿನ ಹೊರೆ ಇಳಿಸಿದೆವು.

ತಂಡ ಸೋತಿತು. ಆದರೆ ನಾಯಕ, “ಕೊನೇತನಕ ನೀನೊಬ್ಬನೇ ಓಡಾಡ್ತಿದ್ದೆ ಮಾರಾಯ. ಮುಂದಿನ ಸಲನೂ ಬಾ,” ಎಂದ. ಗೆಳೆಯ ಹೆಡ್‌ಫೋನ್ ತೆಗೆದವನೇ ಸ್ಟೆಬಿಲೈಸರನ್ನು ತಟ್ಟಿ, “ನೋಡಿದ್ಯಾ, ಇದರ ಕರಾಮತ್ತು!” ಎಂದ.

ಆಮೇಲೊಂದು ದಿನ, ಕರೆಂಟು ಚೆನ್ನಾಗಿದ್ದಾಗ, ಸ್ಟೆಬಿಲೈಸರ್ ಇದ್ದಂತೆಯೇ, ಹಾಕಿದ್ದ ಮಿತಿಗಳನ್ನೆಲ್ಲ ತೆಗೆದು ಅದೇ ಆಟವನ್ನು ಓಡಿಸಿ ನೋಡಿದೆ. ಆಟ ತಡವರಿಸಿತು. ಆಗ ಪ್ರೊಸೆಸರ್ ಪೂರ್ತಿ ದುಡಿಯುತ್ತಿತ್ತು. ಹೊಸ ಕಾರ್ಡು ಅರ್ಧದಷ್ಟೂ ದುಡಿಯುತ್ತಿರಲಿಲ್ಲ.