ನೀಲಿ ದೀಪದಡಿ ಅರಿಶಿನ

ಕೊಳ್ಳೇಗಾಲದ ಚೌಡಮ್ಮ ತಾವು ನೇಯ್ದ ಪ್ರತಿ ರೇಷ್ಮೆ ಸೀರೆಯ ಸೆರಗಿಗೂ ಅರಿಶಿನ ಮುಟ್ಟಿಸಿಯೇ ಮಗ್ಗದಿಂದ ಇಳಿಸುತ್ತಾರೆ. ಗಂಡ ತೀರಿದ ಮೇಲೆ ತಾವು ಹಚ್ಚಿಕೊಳ್ಳುವುದನ್ನು ಬಿಟ್ಟರು, ಸೀರೆಗೆ ಬಿಡಲಿಲ್ಲ.

ಮೊನ್ನೆ ನೇಕಾರರ ಸಂಘದ ಪರೀಕ್ಷಕ ನಿರಂಜನ್ ಚೌಡಮ್ಮನ ಸೀರೆಯನ್ನು ಕತ್ತಲೆ ಪೆಟ್ಟಿಗೆಯೊಳಗಿನ ನೀಲಿ ದೀಪದಡಿ ಇಟ್ಟರು. ಅಸಲಿ ಸೀರೆಯಲ್ಲಿ ಸಂಘದ ಚೀಟಿಯ ಗುಟ್ಟಿನ ಮುದ್ರೆ ಮಾತ್ರ ಹಸಿರಾಗಿ ಹೊಳೆಯಬೇಕು. ಇಲ್ಲಿ ಸೆರಗೂ ಹೊಳೆಯಿತು.

“ಏನಮ್ಮಾ, ನಕಲಿ ಶಾಯಿ ಬಳ್ದಿದ್ದೀರಾ? ನಿಮ್ ಮಗ್ಗಕ್ಕೆ ಸಂಘದ ನೂಲು ನಿಂತೋಯ್ತದೆ!”

“ಅರಿಸ್ನ ಕಣ್ ಸಾ, ದೇವ್ರ ಎಸ್ರಲ್ಲಿ ಇಕ್ಕಿದ್ದು. ಬೇಕಾರೆ ನನ್ ಕೈ ನೋಡಿ.”

ಪೆಟ್ಟಿಗೆಯೊಳಗೆ ಚೌಡಮ್ಮನ ಬೆರಳೂ ಸೆರಗಿನಂತೆಯೇ ಬೆಳಗಿತು. ನಿರಂಜನ್ ನಕ್ಕು ಸೀರೆ ಒಪ್ಪಿಕೊಂಡರು.

“ಕೈ ತಗೀರಮ್ಮಾ, ಹಿಂದೆ ನಿಂತೋರು ಕಾಯ್ತಾವ್ರೆ.”

ಚೌಡಮ್ಮ ಅರಿಶಿನದ ಬೆರಳನ್ನು ನೋಡುತ್ತಾ ಇನ್ನೊಂದು ಗಳಿಗೆ ಅಲ್ಲೇ ಇಟ್ಟುಕೊಂಡಿದ್ದರು.